ಮಂಚದ ಮೇಲಿನ 23 ಪುಟ್ಟ ಬಟ್ಟೆಗಳು: ಒಂದು ಪ್ರಕರಣ ಅಧ್ಯಯನ

ನನ್ನ ತಂಗಿ ಆಗ ಏಳು ತಿಂಗಳ ಬಸುರಿ. ಒಂದು ಭಾನುವಾರ ಫೋನ್ ಮಾಡಿ ಬಾ ಅಂದಳು. ಹೋಗಿ ನೋಡಿದರೆ ಮಂಚದ ಮೇಲೆ ಪುಟ್ಟ ಪುಟ್ಟ ಬಟ್ಟೆಗಳ ಗುಡ್ಡೆ. ಎಣಿಸಿದೆವು, 23 ಇದ್ದವು. ಅಂಗಿ, ಚಡ್ಡಿ, ಪಾದದವರೆಗೆ ಮುಚ್ಚುವ ಉಡುಪು, ಎರಡು ಕುಲಾವಿ.

"ಎಲ್ಲಾ ಆರ್ಗ್ಯಾನಿಕ್ ಅಂತ ನೋಡಿಯೇ ತಗೊಂಡಿದ್ದೀನಿ ಅಕ್ಕಾ. ಆದ್ರೂ ನೀನೊಂದ್ಸಲ ನೋಡಿಬಿಡು."

ನನ್ನನ್ನೇ ಕರೆಯಲು ಕಾರಣವಿತ್ತು. ನಾನು ಒಂಬತ್ತು ವರ್ಷ ಮಕ್ಕಳ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಚೆಕಿಂಗ್‌ನಲ್ಲಿದ್ದೆ. ಈಗ ಬಟ್ಟೆಯ ಬಣ್ಣ, ಬಾಳಿಕೆ, ರಾಸಾಯನಿಕ ಪರೀಕ್ಷಿಸುವ ಒಂದು ಲ್ಯಾಬ್‌ನಲ್ಲಿ ಕೆಲಸ. ಆ ಭಾನುವಾರದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ನಾವಿಬ್ಬರೂ ಆ ಬಟ್ಟೆಗಳ ಲೆಕ್ಕ ಇಟ್ಟೆವು. ಏನು ಉಳಿಸಿಕೊಂಡೆವು, ಏನು ವಾಪಸ್ ಕಳಿಸಿದೆವು, ಎಲ್ಲಿ ತಪ್ಪಿದೆವು ಅನ್ನೋದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಮಗುವಿಗೆ ಬಟ್ಟೆ ಆರಿಸಲು ಕೂತಿರುವವರಿಗೆ ನಮ್ಮ ಲೆಕ್ಕದ ಪುಸ್ತಕ ಉಪಯೋಗಕ್ಕೆ ಬರಲಿ.

ತಂಗಿಗೆ ಮೂರು ಆಸೆ ಇತ್ತು. ಮಗುವಿನ ಮೈಗೆ ಕೆಟ್ಟದ್ದು ತಾಗಬಾರದು. ಹತ್ತಿ ಬೆಳೆದ ಹೊಲಕ್ಕೆ ವಿಷ ಬಿದ್ದಿರಬಾರದು. ಬೆಳೆದವರಿಗೂ ಹೊಲಿದವರಿಗೂ ಮೋಸ ಆಗಿರಬಾರದು. ಮೂರೂ ಒಳ್ಳೆಯ ಆಸೆಗಳೇ. ಆದರೆ ಮೂರಕ್ಕೂ ಸೇರಿ ಅವಳು ಹುಡುಕಿದ್ದು ಒಂದೇ ಪದ, ಆರ್ಗ್ಯಾನಿಕ್, ಅಂದರೆ ಸಾವಯವ. ತೊಂದರೆ ಶುರುವಾಗಿದ್ದು ಅಲ್ಲಿಂದ.

ಗುಡ್ಡೆ ಬಿಡಿಸಿದ್ದು

ಹೊರಗೆ ನೇತಾಡುವ ಕಾಗದದ ಟ್ಯಾಗ್‌ಗಳನ್ನು ಮೊದಲು ಬದಿಗಿಟ್ಟೆವು. ಒಳಗಡೆ, ಪಕ್ಕದ ಹೊಲಿಗೆಯಲ್ಲಿ ಸೇರಿಸಿರುತ್ತಾರಲ್ಲ, ಆ ಸಣ್ಣ ಬಟ್ಟೆಯ ಲೇಬಲ್, ಅದನ್ನು ಓದಿದೆವು. ಕಾಗದದ ಟ್ಯಾಗ್ ಇರುವುದು ಮಾರಾಟಕ್ಕೆ. ಒಳಗಿನ ಲೇಬಲ್‌ನಲ್ಲಿ ಯಾವ ನೂಲು, ಶೇಕಡಾ ಎಷ್ಟು ಅಂತ ಬರೆಯಬೇಕು ಅನ್ನೋ ಕಾನೂನು ಬಹಳ ದೇಶಗಳಲ್ಲಿದೆ. ಹಾಗಾಗಿ ನಿಜ ಸಾಮಾನ್ಯವಾಗಿ ಒಳಗಿರುತ್ತೆ.

ಐದು ಬಟ್ಟೆಗಳ ಟ್ಯಾಗ್ ಮೇಲೆ ಹಸಿರು ಎಲೆಯ ಚಿತ್ರ ಇತ್ತು. ‘ನ್ಯಾಚುರಲ್’, ‘ಇಕೋ’, ‘ಪ್ಯೂರ್’ ಅಂತ ಬರೆದಿತ್ತು. ಒಳಗೆ ನೋಡಿದರೆ 60 ಹತ್ತಿ, 40 ಪಾಲಿಯೆಸ್ಟರ್. ಯಾವ ಪ್ರಮಾಣಪತ್ರದ ಗುರುತೂ ಇಲ್ಲ. ತಂಗಿ ಆ ಲೇಬಲ್ಲನ್ನು ಎರಡು ಸಲ ಓದಿದಳು.

ಮೂರು ‘ಬಿದಿರಿನ’ ಬಟ್ಟೆಗಳು. ಮುಟ್ಟಿದರೆ ಬೆಣ್ಣೆಯ ಹಾಗೆ. ಒಳಗಿನ ಲೇಬಲ್‌ನಲ್ಲಿ ಇದ್ದದ್ದು ವಿಸ್ಕೋಸ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ ಮತ್ತೆ ದಾರವಾಗಿ ಎಳೆದರೆ ಸಿಗುವ ನೂಲು ಅದು. ರೇಯಾನ್ ಅನ್ನುವುದೂ ಅದನ್ನೇ. ಕೈಗೆ ಬರುವ ಹೊತ್ತಿಗೆ ಅದರಲ್ಲಿ ಬಿದಿರು ಅನ್ನೋದು ಹೆಸರಿಗೆ ಮಾತ್ರ. ಮೈಗೆ ಒರಟಲ್ಲ, ಮಗುವಿಗೆ ತೊಂದರೆಯೂ ಆಗಲಿಕ್ಕಿಲ್ಲ. ಆದರೆ ಕಾರ್ಬನ್ ಡೈಸಲ್ಫೈಡ್ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದವರ ನರಗಳಿಗೆ ಪೆಟ್ಟು ಬೀಳುತ್ತೆ ಅನ್ನೋದು ಹಳೆಯ, ಚೆನ್ನಾಗಿ ಗೊತ್ತಿರುವ ಸಂಗತಿ. 2009ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ರೇಯಾನ್ ಬಟ್ಟೆಯನ್ನು ಬಿದಿರು ಅಂತ ಹೇಳಿ ಮಾರುತ್ತಿದ್ದ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ಆ ಹೆಸರು ಆಮೇಲೂ ಅಂಗಡಿಗಳಿಂದ ಹೋಗಿಲ್ಲ.

ನಾಲ್ಕರ ಮೇಲೆ ಓಸಿಎಸ್ ಅನ್ನೋ ಗುರುತಿತ್ತು. ಆರ್ಗ್ಯಾನಿಕ್ ಕಂಟೆಂಟ್ ಸ್ಟ್ಯಾಂಡರ್ಡ್. ಇದು ಸುಳ್ಳಲ್ಲ, ಆದರೆ ಹೇಳುವುದು ಒಂದೇ ಮಾತು: ಈ ಬಟ್ಟೆಯಲ್ಲಿ ಇಷ್ಟು ಪಾಲು ಸಾವಯವ ನೂಲಿದೆ. ಅದಕ್ಕೆ ಯಾವ ಬಣ್ಣ ಹಾಕಿದರು, ಯಾವ ರಾಸಾಯನಿಕದಲ್ಲಿ ಅದ್ದಿದರು, ಹೊಲಿದವರ ಸ್ಥಿತಿ ಏನು, ಅದೆಲ್ಲ ಈ ಗುರುತಿನ ವ್ಯಾಪ್ತಿಗೆ ಬರುವುದಿಲ್ಲ. ಅದರಲ್ಲೂ ‘ಬ್ಲೆಂಡೆಡ್’ ಅಂತ ಇದ್ದರೆ ಸಾವಯವ ನೂಲು ಶೇಕಡಾ 5ರಷ್ಟಿದ್ದರೂ ಸಾಕು. ತಂಗಿಯ ನಾಲ್ಕರಲ್ಲಿ ಎರಡು ಅಂಥವು.

ಮೂರರ ಮೇಲೆ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100. ಇದಕ್ಕೂ ಸಾವಯವಕ್ಕೂ ಸಂಬಂಧವೇ ಇಲ್ಲ. 1992ರಲ್ಲಿ ಶುರುವಾದ ಈ ಗುರುತು ಹೇಳುವುದು, ತಯಾರಾದ ಬಟ್ಟೆಯಲ್ಲಿ ಹಾನಿಕರ ವಸ್ತುಗಳು ಮಿತಿಯೊಳಗಿವೆ ಅಂತ. ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಇದರಲ್ಲಿ ಒಂದನೇ ವರ್ಗ ಅಂತ ಬೇರೆಯೇ ಇದೆ, ಅದರ ಮಿತಿಗಳು ಎಲ್ಲಕ್ಕಿಂತ ಬಿಗಿ. ಪಾಲಿಯೆಸ್ಟರ್ ಬಟ್ಟೆಗೂ ಇದು ಸಿಗಬಹುದು. "ಹಾಗಾದ್ರೆ ಇದು ದಂಡನಾ?" ಅಂದಳು ತಂಗಿ. ಅಲ್ಲವೇ ಅಲ್ಲ. ಮಗುವಿನ ಮೈಯ ಪ್ರಶ್ನೆಗೆ ಗುಡ್ಡೆಯಲ್ಲಿ ಅತಿ ನೇರವಾಗಿ ಉತ್ತರ ಕೊಡುತ್ತಿದ್ದದ್ದು ಆ ಮೂರೇ.

ಮಗು ಬಟ್ಟೆಯನ್ನು ಬರೀ ತೊಡುವುದಿಲ್ಲ, ಚೀಪುತ್ತೆ. ಕಾಲರ್, ತೋಳಿನ ತುದಿ ಸದಾ ಬಾಯಲ್ಲಿ. ಅದಕ್ಕೇ ಲ್ಯಾಬ್‌ನಲ್ಲಿ ನಾವು ಉಪ್ಪಿನಂಶಗಳನ್ನು ಬೆರೆಸಿ ಕೃತಕ ಜೊಲ್ಲು ತಯಾರಿಸುತ್ತೇವೆ. ಅದರಲ್ಲಿ ಬಟ್ಟೆಯ ತುಂಡನ್ನು ನೆನೆಸಿ, ಬಣ್ಣ ಪಕ್ಕದ ಬಿಳಿ ಕಾಗದಕ್ಕೆ ಹತ್ತುತ್ತಾ ಅಂತ ನೋಡುತ್ತೇವೆ. ಆ ಭಾನುವಾರ ಕೃತಕ ಜೊಲ್ಲು ಎಲ್ಲಿಂದ ತರುವುದು? ಬಿಳಿ ಕರ್ಚೀಫ್ ಒದ್ದೆ ಮಾಡಿ, ಎಲೆಯ ಚಿತ್ರದ ಟ್ಯಾಗ್ ಇದ್ದ ಕೆಂಪು ಉಡುಪಿನ ಮೇಲೆ ಹತ್ತು ಸಲ ಉಜ್ಜಿದೆ. ಕರ್ಚೀಫಿನ ಮೇಲೆ ಕುಂಕುಮ ಬಿದ್ದ ಹಾಗೆ ಗುರುತು. ತಂಗಿ ಅದನ್ನು ಕೈಗೆ ತಗೊಂಡು ಸುಮ್ನೆ ನೋಡುತ್ತಾ ಕೂತಳು.

ಎರಡು ಅಂಗಿಗಳಿಗೆ ಫೇರ್‌ಟ್ರೇಡ್ ಗುರುತು. ಅದರ ಮಾತು ಮುಂದೆ ಬರುತ್ತೆ.

ಉಳಿದ ಆರರ ಮೇಲೆ ಬಿಳಿ ಅಂಗಿಯ ಚಿತ್ರ ಇರುವ ಹಸಿರು ಗುರುತು. ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್, ಬಾಯಿಮಾತಿನಲ್ಲಿ ಗಾಟ್ಸ್. ಇದರಲ್ಲಿ ಎರಡು ದರ್ಜೆ. ಬರೀ ‘ಆರ್ಗ್ಯಾನಿಕ್’ ಅಂತಿದ್ದರೆ ಕನಿಷ್ಠ ಶೇಕಡಾ 95 ಸಾವಯವ ನೂಲು. ‘ಮೇಡ್ ವಿತ್ ಆರ್ಗ್ಯಾನಿಕ್’ ಅಂತಿದ್ದರೆ ಕನಿಷ್ಠ 70. ನೂಲಿನ ಜೊತೆಗೆ ಬಣ್ಣ, ಬ್ಲೀಚ್, ಗುಂಡಿ, ಪ್ರಿಂಟ್, ಫ್ಯಾಕ್ಟರಿಯಿಂದ ಹೊರಬೀಳುವ ಕೊಳೆನೀರು, ಎಲ್ಲಕ್ಕೂ ನಿಯಮ ಇದೆ. ಕ್ಲೋರಿನ್ ಬ್ಲೀಚ್ ಹಾಕುವ ಹಾಗಿಲ್ಲ. ಬಾಲಕಾರ್ಮಿಕರು ಇರುವ ಹಾಗಿಲ್ಲ. ಒಂದೇ ಗುರುತಿನಲ್ಲಿ ತಂಗಿಯ ಮೂರು ಆಸೆಗಳಿಗೂ ಹತ್ತಿರ ಬಂದದ್ದು ಇದೊಂದೇ.

ನಂಬರ್ ಹುಡುಕಿದ್ದು

ಆದರೆ ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಗಾಟ್ಸ್ ಗುರುತಿನ ಕೆಳಗೆ ಪರಿಶೀಲಿಸಿದ ಸಂಸ್ಥೆಯ ಹೆಸರು ಮತ್ತು ಒಂದು ಲೈಸೆನ್ಸ್ ನಂಬರ್ ಇರಲೇಬೇಕು. ಆ ನಂಬರನ್ನು ಗಾಟ್ಸ್‌ನವರ ಸಾರ್ವಜನಿಕ ಪಟ್ಟಿಯಲ್ಲಿ ಯಾರಾದರೂ ಹುಡುಕಬಹುದು, ದುಡ್ಡಿಲ್ಲ. ತಂಗಿಯ ಗಂಡ ಫೋನ್ ಹಿಡಿದು ಕೂತರು, ನಾನು ನಂಬರ್ ಓದುತ್ತಾ ಹೋದೆ. ಆರರಲ್ಲಿ ಐದು ಸಿಕ್ಕವು. ಅದರಲ್ಲಿ ಎರಡರಲ್ಲಿ ಬ್ರ್ಯಾಂಡಿನ ಬದಲು ಬೇರೆ ಕಂಪನಿಯ ಹೆಸರು ಬಂತು. ಅವರು ಗಾಬರಿಯಾದರು. ಗಾಬರಿ ಬೇಡ, ಕೆಲವೊಮ್ಮೆ ನಂಬರ್ ಹೊಲಿದ ಫ್ಯಾಕ್ಟರಿಯದ್ದಾಗಿರುತ್ತೆ, ಅದು ಸರಿಯೇ ಅಂದೆ. ಆರನೆಯದರ ಮೇಲೆ ಗುರುತು ಮಾತ್ರ ಇತ್ತು. ನಂಬರೂ ಇಲ್ಲ, ಸಂಸ್ಥೆಯ ಹೆಸರೂ ಇಲ್ಲ. ಅದನ್ನು ವಾಪಸ್ ಕಳಿಸುವ ಗುಂಪಿಗೆ ಹಾಕಿದೆವು.

"ನಂಬರ್ ಸಿಕ್ಕರೆ ನಿಜ ಅಂತಾನಾ ಅಕ್ಕ?" ಅಂದರು ಅವರು.

ಬಹುಮಟ್ಟಿಗೆ, ಅಂದೆ. ಪೂರ್ತಿ ಅಂತ ಹೇಳಲು ಮನಸ್ಸು ಬರಲಿಲ್ಲ. 2020ರಲ್ಲಿ ಗಾಟ್ಸ್‌ನವರೇ ಒಂದು ದೊಡ್ಡ ವಂಚನೆಯನ್ನು ಬಯಲು ಮಾಡಿದ್ದರು. ಭಾರತದಲ್ಲಿ ಸುಮಾರು 20,000 ಟನ್ ಮಾಮೂಲಿ ಹತ್ತಿ ನಕಲಿ ಕಾಗದಪತ್ರದ ಮೇಲೆ ಸಾವಯವ ಅಂತ ಸಾಗಿಹೋಗಿತ್ತು. 11 ಕಂಪನಿಗಳನ್ನು ಹೊರಗೆ ಹಾಕಿದರು. ಇಂಥದ್ದು ಯಾಕೆ ಸಾಧ್ಯ ಅಂದರೆ, ತಯಾರಾದ ಅಂಗಿಯನ್ನು ಲ್ಯಾಬ್‌ಗೆ ತಂದುಕೊಟ್ಟು ಇದು ಸಾವಯವ ಹತ್ತಿಯಾ ಹೇಳಿ ಅಂದರೆ ನಾವು ಖಚಿತವಾಗಿ ಹೇಳಲಾರೆವು. ನೂಲು ಕುದಿದು, ಬ್ಲೀಚ್ ಆಗಿ, ಬಣ್ಣದಲ್ಲಿ ಮುಳುಗಿ ಬರುವಷ್ಟರಲ್ಲಿ ಹೊಲದ ಗುರುತೆಲ್ಲ ತೊಳೆದುಹೋಗಿರುತ್ತೆ. ಹೊಲದಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್, ಅಲ್ಲಿಂದ ನೂಲಿನ ಗಿರಣಿ, ಹೆಣಿಗೆ, ಬಣ್ಣ, ಹೊಲಿಗೆ, ಹೀಗೆ ಕೈಯಿಂದ ಕೈಗೆ ಹೋಗುವ ಕಾಗದವೇ ಸಾಕ್ಷಿ. ಕಾಗದ ಸುಳ್ಳಾದರೆ ಬಟ್ಟೆ ಬಾಯಿಬಿಡುವುದಿಲ್ಲ.

ಇದೇ ಸಂಗತಿಗೆ ಇನ್ನೊಂದು ಮುಖ ಇದೆ. ಅದನ್ನು ತಂಗಿಗೆ ಹೇಳಲೋ ಬೇಡವೋ ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಹೇಳಿದೆ. ಹೊಲಕ್ಕೆ ಹೊಡೆದ ಕೀಟನಾಶಕ ಅಂಗಿಯವರೆಗೆ ಉಳಿದು ಮಗುವಿನ ಮೈಗೆ ತಾಗುತ್ತೆ ಅನ್ನೋ ಭಯ ಬಹುಪಾಲು ಬೇಡದ ಭಯ. ಅದು ದಾರಿಯಲ್ಲೇ ತೊಳೆದುಹೋಗಿರುತ್ತೆ. ಮಗುವಿನ ಚರ್ಮಕ್ಕೆ ನಿಜವಾಗಿ ಲೆಕ್ಕಕ್ಕೆ ಬರುವುದು ಆಮೇಲೆ ಹಾಕಿದ್ದು. ಬಣ್ಣ, ಸುಕ್ಕಾಗದಿರಲಿ ಅಂತ ಬಳಿಯುವ ಫಾರ್ಮಾಲ್ಡಿಹೈಡ್ ಇರುವ ರಾಳ, ಪ್ಲಾಸ್ಟಿಕ್ ಪ್ರಿಂಟ್, ಲೋಹದ ಗುಂಡಿ. ಸಾವಯವ ಹತ್ತಿಯಿಂದ ಮೊದಲ ಲಾಭ ಹೊಲಕ್ಕೆ, ಅಲ್ಲಿನ ನೀರಿಗೆ, ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಔಷಧಿ ಹೊಡೆಯಬೇಕಿದ್ದವರಿಗೆ. ಪ್ರಪಂಚದಲ್ಲಿ ಬೆಳೆಯುವ ಹತ್ತಿಯಲ್ಲಿ ಸಾವಯವದ ಪಾಲು ಶೇಕಡಾ 1–2ರ ಆಸುಪಾಸು ಮಾತ್ರ. ಹೊಲವೊಂದು ಸಾವಯವಕ್ಕೆ ತಿರುಗಲು ಎರಡು ಮೂರು ವರ್ಷ ಹಿಡಿಯುತ್ತೆ. ಆ ವರ್ಷಗಳಲ್ಲಿ ಬೆಳೆಗಾರರು ರಾಸಾಯನಿಕ ಬಿಟ್ಟಿರುತ್ತಾರೆ, ಆದರೆ ಹತ್ತಿಯನ್ನು ಸಾವಯವ ಅಂತ ಮಾರುವಂತಿಲ್ಲ. ಅವರ ಬೆನ್ನಿಗೆ ನಿಲ್ಲಬೇಕು ಅಂತಿದ್ದರೆ ಖಂಡಿತ ಕೊಳ್ಳಬೇಕು. ಆದರೆ ಯಾಕೆ ಕೊಳ್ಳುತ್ತಿದ್ದೇವೆ ಅನ್ನೋದು ಗೊತ್ತಿದ್ದು ಕೊಳ್ಳಬೇಕು.

ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ನಾನು ಮಗುಗೋಸ್ಕರ ಕೊಂಡಿದ್ದು ಬೇರೆಯವರಿಗೂ ಒಳ್ಳೇದಾಯ್ತು ಅಂತ ಅಷ್ಟೇ ಅಲ್ವಾ" ಅಂದಳು. ಅವಳ ಆ ಮಾತು ನನಗೆ ಬಹಳ ಹಿಡಿಸಿತು.

ಒಂಬತ್ತು ಬಟ್ಟೆ ವಾಪಸ್ ಹೋದವು. ಬಿದಿರಿನವು ಮೂರು, ಎಲೆಯ ಚಿತ್ರದವು ಮೂರು, ಬ್ಲೆಂಡೆಡ್ ಎರಡು, ನಂಬರ್ ಇಲ್ಲದ್ದು ಒಂದು. ಎಲೆಯ ಚಿತ್ರದ ಇನ್ನೆರಡನ್ನು ಆಗಲೇ ಒಗೆದಿದ್ದರಿಂದ ಅಂಗಡಿಯವರು ತಗೊಳ್ಳಲಿಲ್ಲ. ಎಸೆಯುವುದು ಬೇಡ ಅಂದೆ. ತಯಾರಾದ ಬಟ್ಟೆ ಎಸೆದರೆ ಅದಕ್ಕೆ ಹೋದ ನೀರು, ದುಡಿಮೆ ಎಲ್ಲ ಮಣ್ಣುಪಾಲು. ಒಂದನ್ನು ಒಳಂಗಿಯ ಮೇಲೆ ತೊಡಿಸಲು ಇಟ್ಟುಕೊಂಡೆವು. ಕೆಂಪು ಉಡುಪು ಒರೆಸುವ ಬಟ್ಟೆಯಾಯಿತು.

ಇನ್ನೊಂದು ತಪ್ಪು ಅಳತೆಯದ್ದು. 23ರಲ್ಲಿ 15 ಬಟ್ಟೆ ಅತಿ ಚಿಕ್ಕ ಅಳತೆಯವು, 50 ಮತ್ತು 56. ಯುರೋಪಿನ ಈ ಅಳತೆ ಮಗುವಿನ ಉದ್ದದ ಸೆಂಟಿಮೀಟರ್, ಆರಾರು ಸೆಂಟಿಮೀಟರಿಗೆ ಒಂದು ಮೆಟ್ಟಿಲು. ಹುಟ್ಟುವಾಗ ಸುಮಾರು 50 ಇರುವ ಮಗು ವರ್ಷ ತುಂಬುವಷ್ಟರಲ್ಲಿ ಸುಮಾರು 75 ಆಗುತ್ತೆ. ಮೊದಲ ವರ್ಷದಲ್ಲೇ ನಾಲ್ಕೈದು ಅಳತೆ ದಾಟುತ್ತೆ ಅಂತಾಯಿತು. ಎಷ್ಟೇ ಒಳ್ಳೆಯ ಬಟ್ಟೆಯಾದರೂ ಪೆಟ್ಟಿಗೆಯಲ್ಲೇ ಚಿಕ್ಕದಾಗಿಹೋದರೆ ಯಾರಿಗೆ ಏನು ಸಿಕ್ಕಿತು? ಉಳಿದ 14ರ ಜೊತೆಗೆ ತಂಗಿಯ ಸಹೋದ್ಯೋಗಿಯೊಬ್ಬರು ತಮ್ಮ ಮಗ ತೊಟ್ಟು ಬಿಟ್ಟ ಹತ್ತು ಬಟ್ಟೆ ಕೊಟ್ಟರು, 62ರಿಂದ 74ರವರೆಗಿನವು. ಹಲವು ಸಲ ಒಗೆದು ಮೆದುವಾದ ಹತ್ತಿ. ಬಿಡಬೇಕಾದ ಬಣ್ಣ ಆಗಲೇ ಬಿಟ್ಟಿತ್ತು, ಕುಗ್ಗಬೇಕಾದಷ್ಟು ಕುಗ್ಗಿತ್ತು. ತಂಗಿ ಮೊದಲು ಹಿಂಜರಿದಳು. ನನಗೆ ಮಾತ್ರ ಇಡೀ ಪೆಟ್ಟಿಗೆಯಲ್ಲಿ ಹೆಚ್ಚು ನೆಮ್ಮದಿ ಕೊಟ್ಟ ಬಟ್ಟೆಗಳು ಅವೇ.

ಹೊಲಿದವರ ಮಾತು

ಫೇರ್‌ಟ್ರೇಡ್ ಗುರುತಿನ ಎರಡು ಅಂಗಿಗಳನ್ನು ಹಿಡಿದು ತಂಗಿ ಕೇಳಿದಳು, "ಇದನ್ನ ಹೊಲಿದವರಿಗೆ ಒಳ್ಳೆ ಸಂಬಳ ಸಿಕ್ಕಿದೆ, ಅಲ್ವಾ?"

ಹಾಗಂತ ಆ ಗುರುತು ಹೇಳುವುದಿಲ್ಲ. ಅದು ಫೇರ್‌ಟ್ರೇಡ್ ಹತ್ತಿಯ ಗುರುತು. ಹತ್ತಿ ಬೆಳೆದವರ ಸಂಘಕ್ಕೆ ಒಂದು ಕನಿಷ್ಠ ಬೆಲೆ ಸಿಗುತ್ತೆ, ಅದರ ಮೇಲೆ ಒಂದಿಷ್ಟು ಹೆಚ್ಚುವರಿ ಹಣವೂ ಬರುತ್ತೆ. ಆ ಹಣವನ್ನು ಬಾವಿಗೆ ಹಾಕಬೇಕಾ, ಶಾಲೆಗೆ ಹಾಕಬೇಕಾ ಅಂತ ಸದಸ್ಯರೇ ಕೂತು ತೀರ್ಮಾನಿಸುತ್ತಾರೆ. ಕುಲಾಂತರಿ ಬೀಜ ಬಳಸುವಂತಿಲ್ಲ. ಸಾವಯವವೇ ಆಗಿರಬೇಕು ಅಂತ ಮಾತ್ರ ಇಲ್ಲ. ಹೊಲದ ಬದಿಗೆ ಇದು ಗಟ್ಟಿ ಗುರುತು. ಹೊಲಿಗೆ ಫ್ಯಾಕ್ಟರಿಯ ಕೂಲಿಯ ವಿಷಯದಲ್ಲಿ ಅಷ್ಟು ಗಟ್ಟಿಯಲ್ಲ. ಅದಕ್ಕೆಂದೇ ಫೇರ್‌ಟ್ರೇಡ್‌ನವರು 2016ರಲ್ಲಿ ಬೇರೆಯೇ ಒಂದು ಜವಳಿ ಮಾನದಂಡ ತಂದರು. ನೂಲಿನಿಂದ ಹೊಲಿಗೆಯವರೆಗೆ ಎಲ್ಲ ಹಂತ ಅದರಲ್ಲಿ ಸೇರುತ್ತೆ, ಆರು ವರ್ಷದೊಳಗೆ ಬದುಕಲು ಸಾಕಾಗುವ ಕೂಲಿ ಕೊಡುವ ಮಟ್ಟಕ್ಕೆ ಬರಬೇಕು ಅನ್ನೋ ಷರತ್ತೂ ಇದೆ. ಆ ಮಾನದಂಡದ ಅಂಗಿ ನಮ್ಮ ಗುಡ್ಡೆಯಲ್ಲಿ ಇರಲಿಲ್ಲ. ಗಾಟ್ಸ್‌ನಲ್ಲೂ ಕೆಲಸಗಾರರ ನಿಯಮಗಳಿವೆ, ಆದರೆ ಬದುಕಲು ಸಾಕಾಗುವ ಕೂಲಿ ಸಿಕ್ಕೇ ಸಿಗುತ್ತೆ ಅನ್ನೋ ಖಾತ್ರಿ ಅದರಲ್ಲಿಲ್ಲ.

ಇಲ್ಲಿ ನನ್ನ ಮಾತು ಸ್ವಲ್ಪ ಉದ್ದವಾಗುತ್ತೆ. ನಾನು ಆ ಹೊಲಿಗೆ ಲೈನ್‌ಗಳ ನಡುವೆ ಓಡಾಡಿದವಳು.

ಕೂಸಿನ ಬಟ್ಟೆ ಚಿಕ್ಕದು, ಆದ್ದರಿಂದ ಕೆಲಸವೂ ಚಿಕ್ಕದು ಅಂತ ಜನ ಅಂದುಕೊಳ್ಳುತ್ತಾರೆ. ಹೊಲಿಗೆ ಗೊತ್ತಿದ್ದವರನ್ನು ಕೇಳಿ. ದೊಡ್ಡವರ ಅಂಗಿಯ ತೋಳನ್ನು ಮಷಿನ್ ಕೆಳಗೆ ಸಲೀಸಾಗಿ ತಿರುಗಿಸಬಹುದು. ಕೂಸಿನ ತೋಳು ಬಳೆಯಷ್ಟೇ ಅಗಲ. ಅದನ್ನು ಬೆರಳ ತುದಿಯಲ್ಲಿ ಹಿಡಿದು, ಸೂಜಿಗೆ ಬೆರಳು ಸಿಗದ ಹಾಗೆ, ಓವರ್‌ಲಾಕ್‌ನಲ್ಲಿ ಒಂದು ಸುತ್ತು ತರಬೇಕು. ಗಂಟೆಯ ಟಾರ್ಗೆಟ್ ಮಾತ್ರ ಕಾಯುವುದಿಲ್ಲ. ಹೆಗಲು ಒಬ್ಬರು, ಕತ್ತಿನ ಪಟ್ಟಿ ಒಬ್ಬರು, ತೋಳು ಒಬ್ಬರು, ಪಕ್ಕದ ಹೊಲಿಗೆ ಒಬ್ಬರು, ಟಿಚ್ ಬಟನ್ ಒಬ್ಬರು. ನನ್ನ ಟೇಬಲ್‌ಗೆ ಬರುವಷ್ಟರಲ್ಲಿ ಒಂದು ಪೀಸ್ ಎಂಟು ಹತ್ತು ಜನರ ಕೈ ದಾಟಿರುತ್ತಿತ್ತು. ಸೂಜಿ ಮುರಿದರೆ ಲೈನ್ ನಿಲ್ಲುತ್ತಿತ್ತು. ಮುರಿದ ಚೂರೆಲ್ಲ ಹುಡುಕಿ, ಜೋಡಿಸಿ, ರಿಜಿಸ್ಟರ್‌ನಲ್ಲಿ ಟೇಪ್ ಹಾಕಿ ಅಂಟಿಸಬೇಕು. ಒಂದು ಚೂರು ಸಿಗದಿದ್ದರೂ ಆ ಕಟ್ಟಿನ ಪೀಸ್‌ಗಳನ್ನೆಲ್ಲ ತಪಾಸಣೆಗೆ ಹಾಕಬೇಕು. ಪ್ಯಾಕಿಂಗ್‌ಗೆ ಮುಂಚೆ ಪ್ರತಿ ಬಟ್ಟೆಯೂ ಸೂಜಿ ಪತ್ತೆ ಹಚ್ಚುವ ಮಷಿನ್ ಮೂಲಕ ಹೋಗುತ್ತಿತ್ತು. ಕಾಣದ ಒಂದು ಮಗುವಿನ ಮೈಗೆ ಚುಚ್ಚದಿರಲಿ ಅಂತ ಅಷ್ಟು ಜಾಗ್ರತೆ. ಆ ಜಾಗ್ರತೆ ವಹಿಸಿದವರ ಮನೆಯ ಮಕ್ಕಳ ಬಗ್ಗೆ ಬಟ್ಟೆ ಕೊಳ್ಳುವವರು ಒಂದು ಪ್ರಶ್ನೆಯನ್ನಾದರೂ ಕೇಳಬೇಕು ಅಂತ ನನಗೆ ಆಗಿನಿಂದ ಅನಿಸಿದೆ.

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವಾರ್‌ನಲ್ಲಿ ಬಟ್ಟೆ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು, ಆದರೂ ಕೆಲಸಕ್ಕೆ ಕರೆಸಿದ್ದರು. ಅಲ್ಲಿದ್ದ ಕೆಲವು ಫ್ಯಾಕ್ಟರಿಗಳ ಆಡಿಟ್, ಅಂದರೆ ಹೊರಗಿನವರ ತಪಾಸಣೆ, ಮೊದಲೇ ಮುಗಿದಿತ್ತು. ಹಾಗಾಗಿ ಕಾಗದ ನೋಡಿ ಸುಮ್ಮನಾಗುವುದು ನನ್ನಿಂದ ಆಗುವುದಿಲ್ಲ. ಯಾವ ಫ್ಯಾಕ್ಟರಿ, ಯಾವ ಊರು ಅಂತ ಕಂಪನಿ ಹೆಸರು ಹೇಳಬೇಕು. ಹೆಸರು ಹೊರಗಿದ್ದರೆ ಅಲ್ಲಿನ ಕಾರ್ಮಿಕ ಸಂಘದವರು, ಪತ್ರಿಕೆಯವರು ಹೋಗಿ ನೋಡಲು ದಾರಿಯಾಗುತ್ತೆ.

ಉಳಿದ ಬಟ್ಟೆಗಳು ಐದು ಕಂಪನಿಗಳವು. ತಂಗಿ ಐದಕ್ಕೂ ಪತ್ರ ಬರೆದಳು. ನಾಲ್ಕೇ ಸಾಲು. ಈ ಅಂಗಿ ಹೊಲಿದದ್ದು ಯಾವ ಫ್ಯಾಕ್ಟರಿಯಲ್ಲಿ? ಅಲ್ಲಿನವರಿಗೆ ಬದುಕಲು ಸಾಕಾಗುವ ಕೂಲಿ ಸಿಗುತ್ತಿದೆಯಾ, ಅದನ್ನು ನೀವು ಹೇಗೆ ಲೆಕ್ಕ ಹಾಕುತ್ತೀರಿ? ಇಬ್ಬರು ಫ್ಯಾಕ್ಟರಿಯ ಹೆಸರು, ಊರು ಎರಡೂ ಕೊಟ್ಟರು. ಅದರಲ್ಲಿ ಒಬ್ಬರು, ಕೂಲಿ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ, ಇಷ್ಟು ಅಂತರ ಇದೆ ಅಂತ ಒಪ್ಪಿ ಬರೆದಿದ್ದರು. ನನಗೆ ಹೆಚ್ಚು ನಂಬಿಕೆ ಬಂದದ್ದು ಆ ಪತ್ರದ ಮೇಲೆ. ಒಬ್ಬರು ಬರೀ ಪ್ರಮಾಣಪತ್ರದ ಪ್ರತಿ ಕಳಿಸಿದರು. ಒಬ್ಬರು ವ್ಯಾಪಾರದ ಗುಟ್ಟು ಅಂದರು. ಐದನೆಯವರಿಂದ ಸುದ್ದಿಯೇ ಇಲ್ಲ.

ಹನ್ನೆರಡನೇ ದಿನ

ಹೆಣ್ಣು ಮಗು. ಹುಟ್ಟಿದಾಗ 51 ಸೆಂಟಿಮೀಟರ್. 50ರ ಅಳತೆಯ ಬಟ್ಟೆಗಳು ಮೂರು ವಾರವೂ ಬರಲಿಲ್ಲ.

ಹನ್ನೆರಡನೇ ದಿನ ರಾತ್ರಿ ತಂಗಿ ಅಳುತ್ತಾ ಫೋನ್ ಮಾಡಿದಳು. ಮಗುವಿನ ಕತ್ತಿನ ಮಡಿಕೆಯಲ್ಲಿ, ಬೆನ್ನ ಮೇಲೆ ಕೆಂಪು ಗುಳ್ಳೆ. "ಇಷ್ಟೆಲ್ಲ ನೋಡಿ ಹಾಕಿದ್ರೂ ಹೀಗಾಯ್ತಲ್ಲ ಅಕ್ಕಾ." ಬೆಳಗ್ಗೆ ಡಾಕ್ಟರ ಹತ್ತಿರ ಹೋದೆವು. ಅವರು ಬಟ್ಟೆಯ ಲೇಬಲ್ ಕೇಳಲಿಲ್ಲ. ಎಷ್ಟು ಬಟ್ಟೆ ತೊಡಿಸಿದ್ದೀರಿ ಅಂತ ಕೇಳಿದರು. ಒಳಂಗಿ, ಉದ್ದ ಉಡುಪು, ಕುಲಾವಿ, ಮೇಲೊಂದು ಹೊದಿಕೆ. ಬೆವರುಸಾಲೆ ಅಂದರು. ನೀವು ತೊಟ್ಟಿರುವುದಕ್ಕಿಂತ ಒಂದು ಪದರ ಜಾಸ್ತಿ ಇದ್ದರೆ ಸಾಕು, ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಒದ್ದೆಯಿದ್ದರೆ ಒಂದು ಪದರ ತೆಗೆಯಿರಿ, ಮನೆಯೊಳಗೆ ಮಲಗಿಸುವಾಗ ಟೋಪಿ ಬೇಡ ಅಂದರು. ಮೂರು ದಿನದಲ್ಲಿ ಗುಳ್ಳೆ ಇಳಿಯಿತು.

ಆ ವಾರ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪ್ರೀತಿಯಿಂದಲೇ, ಬಟ್ಟೆ ಇನ್ನೂ ಮೆತ್ತಗಾಗಲಿ ಅಂತ, ಮನೆಯವರು ಒಗೆದ ಮೇಲೆ ಪರಿಮಳದ ಸಾಫ್ಟ್‌ನರ್‌ನಲ್ಲಿ ಅದ್ದುತ್ತಿದ್ದರು. ಬಣ್ಣವಿಲ್ಲದ, ಬ್ಲೀಚ್ ಕಾಣದ ಹತ್ತಿಯನ್ನು ಹುಡುಕಿ ತಂದು, ಹತ್ತಿಬೀಜದ ಸಿಪ್ಪೆಯ ಸಣ್ಣ ಕಂದು ಚುಕ್ಕೆಗಳು ಇನ್ನೂ ಕಾಣುವ ಬಟ್ಟೆಗೆ, ಮನೆಯಲ್ಲೇ ಪರಿಮಳ ಮೆತ್ತಿಸಿದ ಹಾಗಾಗಿತ್ತು. ಸಾಫ್ಟ್‌ನರ್‌ನಿಂದ ಹತ್ತಿ ಬೆವರು ಹೀರುವುದೂ ಕಡಿಮೆಯಾಗುತ್ತೆ. ನಿಲ್ಲಿಸಿದೆವು. ಹೊಸ ಬಟ್ಟೆಯನ್ನು ತೊಡಿಸುವ ಮುಂಚೆ ಎರಡು ಸಲ ಒಗೆಯುವುದು, ಸೋಪು ಪೂರ್ತಿ ಹೋಗುವಂತೆ ಜಾಲಿಸುವುದು, ಇಷ್ಟೇ ಉಳಿಸಿಕೊಂಡೆವು.

ಗುಲಾಬಿಗೆ ತಿರುಗಿದ ಹತ್ತಿ

ಏಳನೇ ತಿಂಗಳಲ್ಲಿ ತೊಡೆಯ ಒಳಬದಿಯಲ್ಲಿ ಮೂರು ಕೆಂಪು ಕಲೆ, ನಾಣ್ಯದಷ್ಟು ದುಂಡಗೆ, ಸಾಲಾಗಿ. ಸಾಲು ನೋಡಿದ ಕೂಡಲೇ ನನಗೆ ಅನುಮಾನ ಬಂತು. ಮಗು ತೊಟ್ಟಿದ್ದ ಡಂಗ್ರಿ ಬಿಚ್ಚಿ ಅದರ ಟಿಚ್ ಬಟನ್‌ಗಳನ್ನು ಆ ಕಲೆಗಳ ಮೇಲೆ ಹಿಡಿದೆ. ಸರಿಯಾಗಿ ಕೂತವು.

ಅದು ನಾನು ಅಷ್ಟು ನೆಮ್ಮದಿಯಿಂದ ತೆಗೆದುಕೊಂಡಿದ್ದ ಹಳೆಯ ಬಟ್ಟೆಗಳಲ್ಲಿ ಒಂದು. ಒಗೆದು ಒಗೆದು ಗುಂಡಿಯ ಒಳಬದಿಯ ಲೇಪ ಸವೆದು ಒಳಗಿನ ಹಳದಿ ಲೋಹ ಕಾಣುತ್ತಿತ್ತು. ಲ್ಯಾಬ್‌ನಲ್ಲಿ ನಿಕಲ್ ಅನ್ನೋ ಲೋಹದ ಪತ್ತೆಗೆ ಡೈಮೀಥೈಲ್‌ಗ್ಲೈಆಕ್ಸಿಮ್ ಅನ್ನೋ ದ್ರಾವಣ ಇರುತ್ತೆ. ಹತ್ತಿಯ ಕಡ್ಡಿಗೆ ಅದನ್ನು ತೊಟ್ಟಿಕ್ಕಿಸಿ ಗುಂಡಿಯ ಮೇಲೆ ಅರ್ಧ ನಿಮಿಷ ಉಜ್ಜಿದೆ. ಬಿಳಿ ಹತ್ತಿ ನಿಧಾನವಾಗಿ ಗುಲಾಬಿಯಾಯಿತು. ನಿಕಲ್ ಹೊರಬರುತ್ತಿದೆ ಅಂತ ಅರ್ಥ. ಬಟ್ಟೆಗಳಿಂದ ಬರುವ ಅಲರ್ಜಿಗಳಲ್ಲಿ ಗುಂಡಿ, ಜಿಪ್‌ಗಳ ನಿಕಲ್ ಹಳೆಯ ಕಾರಣ. ಮೈಗೆ ತಾಗುವ ಲೋಹದ ಗುಂಡಿಗಳಿಂದ ನಿಕಲ್ ಎಷ್ಟು ಹೊರಬರಬಹುದು ಅಂತ ಯುರೋಪಿನಲ್ಲಿ ಮಿತಿಯೇ ಇದೆ. ಡಾಕ್ಟರೂ ನೋಡಿ ಅದೇ ಇರಬೇಕು ಅಂದರು. ಡಂಗ್ರಿ ಬಿಟ್ಟ ಮೇಲೆ ಕಲೆ ಮಾಯವಾಯಿತು.

ತಪ್ಪು ನನ್ನದು. ಹತ್ತಿಯನ್ನು ಮುಟ್ಟಿ ನೋಡಿದ್ದೆ, ಗುಂಡಿಯನ್ನು ತಿರುಗಿಸಿ ನೋಡಿರಲಿಲ್ಲ. ಆ ಸಂಜೆ ಎಲ್ಲ ಬಟ್ಟೆಗಳ ಗುಂಡಿ ನೋಡಿದೆವು. ಡಂಗ್ರಿಯ ಟಿಚ್ ಬಟನ್‌ಗಳನ್ನು ಕಿತ್ತು, ಒಳಬದಿಗೆ ಬಟ್ಟೆಯ ಪಟ್ಟಿ ಕೊಟ್ಟು, ದಾರದ ಕಟ್ಟು ಹೊಲಿದೆ. ಹಾಗೇ ಕತ್ತಿನಲ್ಲಿ ದಾರ ಇದ್ದ ಒಂದು ಟೊಪ್ಪಿಗೆಯ ಅಂಗಿಯ ದಾರ ಎಳೆದು ತೆಗೆದೆ. ಯುರೋಪಿನ ಮಾನದಂಡದಲ್ಲಿ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯ ಕತ್ತಿನ ಹತ್ತಿರ ದಾರ ಇರುವ ಹಾಗೇ ಇಲ್ಲ. ಜಾರುಬಂಡೆಗೋ ಬಾಗಿಲಿಗೋ ಸಿಕ್ಕಿದರೆ ಕುತ್ತಿಗೆಗೆ ಬಿಗಿಯುತ್ತೆ. ಸಾವಯವ ಹತ್ತಿಯ ದಾರವಾದರೂ ಬಿಗಿಯುವುದು ಬಿಗಿಯುತ್ತೆ.

ಎರಡು ವರ್ಷದ ಲೆಕ್ಕ

ಮೊದಲ 14, ಸಹೋದ್ಯೋಗಿ ಕೊಟ್ಟ ಹತ್ತು, ಆಮೇಲೆ ಕೊಂಡದ್ದು 12. ಎರಡು ವರ್ಷಕ್ಕೆ ಒಟ್ಟು 36 ಬಟ್ಟೆ. ಹೊಸ 12ರಲ್ಲಿ ಎಂಟು ಗಾಟ್ಸ್, ನಾಲ್ಕು ಫೇರ್‌ಟ್ರೇಡ್ ಹತ್ತಿಯವು. ಫ್ಯಾಕ್ಟರಿಯ ಹೆಸರು ಕೊಟ್ಟ ಆ ಇಬ್ಬರ ಹತ್ತಿರವೇ ಎಲ್ಲವನ್ನೂ ಕೊಂಡಳು. ಪ್ರತಿ ಸಲ ಒಂದು ಅಳತೆ ದೊಡ್ಡದು, ತೋಳಿನ ತುದಿ ಮಡಚಲು ಬರುವಂಥದ್ದು. ನಡೆಯಲು ಶುರುಮಾಡಿದ ಮೇಲೆ ಮಂಡಿ ಹರಿಯುತ್ತಿತ್ತು. ಕೆಂಪು ಉಡುಪಿನ ತುಂಡನ್ನು ತೇಪೆ ಹಾಕೋಣ ಅಂತ ತಂಗಿಯ ಗಂಡ ಒಮ್ಮೆ ತಂದರು. ಬಣ್ಣ ಬಿಡುತ್ತೆ, ಬೇಡ ಅಂತ ತಂಗಿಯೇ ತಡೆದಳು.

ಪಕ್ಕೆಗೆ ಒತ್ತುತ್ತಿದ್ದ ಒಳಗಿನ ಲೇಬಲ್‌ಗಳನ್ನು ತಂಗಿ ಮೊದಲ ವಾರವೇ ಹೊಲಿಗೆ ಬಿಚ್ಚಿ ತೆಗೆದಿದ್ದಳು, ಆದರೆ ಎಸೆದಿರಲಿಲ್ಲ. ಕಳೆದ ತಿಂಗಳು 19 ಬಟ್ಟೆಗಳನ್ನು ತೊಳೆದು, ಮಡಚಿ, ಬಸುರಿಯಾಗಿರುವ ಒಬ್ಬ ಗೆಳತಿಗೆ ಕೊಟ್ಟಳು. ಜೊತೆಗೆ ಒಂದು ಲಕೋಟೆ. ಒಳಗೆ ಲೇಬಲ್‌ಗಳು, ಒಂದೊಂದರ ಹಿಂದೆ ಚೀಟಿ ಅಂಟಿಸಿ ಯಾವ ಅಂಗಿಯದ್ದು, ಯಾವ ಊರಲ್ಲಿ ಹೊಲಿದದ್ದು ಅಂತ ಬರೆದಿದ್ದಳು. ಮೂರು ಚೀಟಿಗಳಲ್ಲಿ ಊರಿನ ಜಾಗ ಖಾಲಿ ಇತ್ತು. ಅಲ್ಲಿ ಪೆನ್ಸಿಲ್‌ನಲ್ಲಿ ಹೀಗಿತ್ತು: "ನಾನು ಎರಡು ಸಲ ಕೇಳಿದೆ, ಹೇಳಲಿಲ್ಲ. ನೀನೂ ಒಂದ್ಸಲ ಕೇಳು."